ಒಲೆ ಹಚ್ಚುವ ಮುನ್ನ

ಬಗದಲ್‌ನ ಹಿರಿಯರೇ, ಬೆಳಗಿನಿಂದ ಹಿಟ್ಟು ನಾದುತ್ತಿರುವ ಅಕ್ಕಂದಿರೇ, ಬೀದರ್, ಭಾಲ್ಕಿ, ಔರಾದ್‌ನಿಂದ ಬಂದಿರುವ ಹೋಟೆಲು, ಖಾನಾವಳಿಗಳ ಮಾಲೀಕರೇ,

ಬೀದರ್‌ಗೆ ಬಂದ ಪ್ರವಾಸಿ ಕೋಟೆ ನೋಡುತ್ತಾನೆ, 1472ರಲ್ಲಿ ಕಟ್ಟಿದ ಮಹಮೂದ್ ಗವಾನನ ಮದರಸಾ ನೋಡುತ್ತಾನೆ, ಬಿದ್ರಿಯ ಹೂದಾನಿ ಕೊಳ್ಳುತ್ತಾನೆ. ಹಸಿದು ಹೋಟೆಲಿಗೆ ಹೋದರೆ ಕೈಗೆ ಬರುವ ಪಟ್ಟಿಯಲ್ಲಿ ಪನೀರ್ ಬಟರ್ ಮಸಾಲಾ, ಗೋಬಿ ಮಂಚೂರಿ. ಅವನ್ನು ತನ್ನೂರಲ್ಲೇ ತಿಂದು ಬಂದಿರುತ್ತಾನೆ. ಕೋಟೆಯ ಮಣ್ಣು ಸೋಕಿದರೇ ಬಿದ್ರಿಗೆ ಅದರ ಕಪ್ಪು ಬಣ್ಣ ಬರುತ್ತದೆ. ಈ ನೆಲದ ಕಾಳು ಸೋಕದ ಊಟವನ್ನು ಬೀದರ್ ಊಟ ಎನ್ನುವುದು ಹೇಗೆ?

ನಮ್ಮ ಭಜ್ಜಿಯನ್ನೇ ತೊಗೊಳ್ಳಿ. ಹೊರಗಿನವರಿಗೆ ಭಜ್ಜಿ ಎಂದರೆ ಎಣ್ಣೆಯಲ್ಲಿ ಕರಿದದ್ದು. ನಮಗೆ ಅದು ಎಳ್ಳ ಅಮಾವಾಸ್ಯೆಯ ದೊಡ್ಡ ಗಡಿಗೆ: ಹಸಿ ಕಡಲೆ, ತೊಗರಿ, ಅವರೆ, ಮೆಂತ್ಯ ಸೊಪ್ಪು, ಆ ಹೊತ್ತಿಗೆ ಹೊಲದಲ್ಲಿ ಸಿಕ್ಕ ಕಾಯಿಪಲ್ಲೆಯೆಲ್ಲ, ಮೇಲೆ ಕಡಲೆ ಹಿಟ್ಟು, ಹುಣಸೆ ಹುಳಿ. ಭೂತಾಯಿಗೆ ನೈವೇದ್ಯವಾಗಿ ಚರಗ ಚೆಲ್ಲಿದ ಮೇಲೆ ಸಜ್ಜೆ ರೊಟ್ಟಿ, ಅಂಬಲಿಯೊಂದಿಗೆ ಹೊಲದಲ್ಲೇ ಕೂತು ಉಣ್ಣುತ್ತೇವೆ, ದಾರಿಯಲ್ಲಿ ಹೋಗುವವರನ್ನೂ ಕರೆಯುತ್ತೇವೆ. ಗುರುತಿಲ್ಲದವರನ್ನು ಕರೆದು ಉಣಿಸುವ ನಾವು, ಅದೇ ಭಜ್ಜಿಯ ಹೆಸರನ್ನು ಹೋಟೆಲಿನ ಬೋರ್ಡಿನ ಮೇಲೆ ಬರೆಯಲು ಏಕೆ ಅಂಜುತ್ತೇವೆ? ಬಡವರ ಊಟ ಎಂಬ ನಾಚಿಕೆಯೇ? ಆ ನಾಚಿಕೆ ನನ್ನನ್ನು ಬಹಳ ನೋಯಿಸುತ್ತದೆ.

ಬಡವರ ಊಟವೂ ಊರಿಗೆ ಹೆಸರು ತರಬಲ್ಲದು. ದಾವಣಗೆರೆಯ ಹೆಸರು ಕೇಳಿದರೆ ನಾಲಿಗೆಗೆ ಬೆಣ್ಣೆ ದೋಸೆ ನೆನಪಾಗುತ್ತದೆ. ಬೆಳಗಾವಿ ಕಡೆಯಿಂದ ಬಂದ ಚೆನ್ನಮ್ಮ ಎಂಬ ತಾಯಿ ದೋಸೆ ಹುಯ್ದು ಮಕ್ಕಳನ್ನು ಸಾಕಿದ ಕಥೆಯನ್ನು ಆ ಊರು ಇಂದಿಗೂ ಹೇಳುತ್ತದೆ. ಊರಿಗೆ ಆ ರುಚಿಯ ಹೆಸರು ತಂದುಕೊಟ್ಟದ್ದು ಸಣ್ಣ ಹೋಟೆಲುಗಳು.

ನಮ್ಮಲ್ಲಿ ಒಲೆಗಳು ಹಲವು. ನಾನಕ್ ಝೀರಾ ಗುರುದ್ವಾರದ ಲಂಗರ್, ಬಸವಕಲ್ಯಾಣದ ದಾಸೋಹ, ಹಳೇ ಶಹರದ ಬಿರಿಯಾನಿ, ಬಗದಲ್‌ನ ರೊಟ್ಟಿ. ಮಾಲೀಕರಲ್ಲಿ ನನ್ನ ಬೇಡಿಕೆ ಇಷ್ಟೇ: ಪಟ್ಟಿಯ ಮೊದಲ ಸಾಲು ನಮ್ಮದಿರಲಿ, ತೊಗರಿ ಪಕ್ಕದ ಹೊಲದ್ದಿರಲಿ, ರೊಟ್ಟಿ ಬಡಿಯುವ ಕೈಗೆ ತಕ್ಕ ಕೂಲಿ ಸಿಗಲಿ.

ಉದ್ಘಾಟನೆಗೆ ದೀಪದ ಬದಲು ಒಲೆ ಹಚ್ಚೋಣ ಎಂದು ನಾನೇ ಕೇಳಿಕೊಂಡಿದ್ದೆ. ಅಕ್ಕಾ, ಕಡ್ಡಿಪೆಟ್ಟಿಗೆ ಕೊಡ್ರಿ. ಹಂಚು ಕಾದ ಮೇಲೆ ಮೊದಲ ರೊಟ್ಟಿ ನೀವೇ ಹಾಕ್ರಿ.