‘ಅಂತೆ’ ಎನ್ನದ ದುಭಾಷಿ



ನಮ್ಮ ಕನ್ನಡದಲ್ಲಿ ‘ಅಂತೆ’ ಎಂಬುದೊಂದು ಪುಟ್ಟ ಮಾತು. ‘ಕಂಡೆ’ ಎಂದರೆ ಸಾಕ್ಷ್ಯ; ‘ಕಂಡನಂತೆ’ ಎಂದರೆ ಬರಿಯ ವದಂತಿ. ಕಿವಿ ಕೇಳದವರ ಬಾಳು ಎಷ್ಟೋ ವೇಳೆ ಈ ‘ಅಂತೆ’ಯ ಕೈಗೆ ಸಿಕ್ಕಿರುತ್ತದೆ. ವೈದ್ಯರು ಜೊತೆಯಲ್ಲಿ ಬಂದ ತಾಯಿಯನ್ನೋ ತಮ್ಮನನ್ನೋ ಪ್ರಶ್ನಿಸುತ್ತಾರೆ. ಹತ್ತು ನಿಮಿಷದ ಮಾತುಕತೆಯಲ್ಲಿ ರೋಗಿಯ ಪಾಲಿಗೆ ಉಳಿಯುವುದು ‘ಏನೂ ಇಲ್ಲ, ಮಾತ್ರೆ ನುಂಗು’ ಎಂಬೊಂದು ಸನ್ನೆ. ಮನೆಯವರ ಅಕ್ಕರೆಗೆ ಕೊರತೆಯಿಲ್ಲ. ಆದರೆ ಆ ಅಕ್ಕರೆಯೇ ಮಾತನ್ನು ಮೊಟಕುಗೊಳಿಸುತ್ತದೆ.

ತುಟಿಯ ಚಲನೆಯನ್ನು ನೋಡಿ ತಿಳಿಯಬಾರದೆ ಎಂದು ಕೇಳುವವರುಂಟು. ಕನ್ನಡಿಯ ಮುಂದೆ ನಿಂತು ಸದ್ದಿಲ್ಲದೆ ‘ಮಾವು, ಬಾವು, ಪಾವು’ ಎಂದು ನೋಡಿ. ಮೂರಕ್ಕೂ ತುಟಿ ಒಂದೇ.

ಆದುದರಿಂದಲೇ ಸಂಜ್ಞಾಭಾಷೆಯನ್ನು ಬಲ್ಲ ದುಭಾಷಿ ಬೇಕು. ಅದು ಕೈಯಾಡಿಸುವ ಮೂಕಾಭಿನಯವಲ್ಲ, ವ್ಯಾಕರಣವುಳ್ಳ ಭಾಷೆ. ಭಾರತೀಯ ಸಂಜ್ಞಾಭಾಷೆಯಲ್ಲಿ ‘ಯಾರು’, ‘ಎಲ್ಲಿ’ ಎಂಬ ಪ್ರಶ್ನಪದ ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುತ್ತದೆ. ಹುಬ್ಬಿನ ಚಲನೆಯೂ ಅರ್ಥವನ್ನು ಹೊರುತ್ತದೆ. ದುಭಾಷಿ ಏನನ್ನೂ ಕೂಡಿಸುವಂತಿಲ್ಲ, ಕಳೆಯುವಂತಿಲ್ಲ. ಸನ್ನೆ ‘ನಾನು ಕಂಡೆ’ ಎಂದರೆ ಅವನ ಬಾಯಿಯೂ ‘ನಾನು ಕಂಡೆ’ ಎಂದೇ ನುಡಿಯಬೇಕು.

ನ್ಯಾಯಾಲಯದಲ್ಲಿ ಇದು ಮಾನಪ್ರಾಣಗಳ ಪ್ರಶ್ನೆ. ಮಾತು ಬಾರದ ಸಾಕ್ಷಿಯು ತೆರೆದ ನ್ಯಾಯಾಲಯದಲ್ಲಿ ಸನ್ನೆಯಿಂದ ನುಡಿದುದೂ ಮೌಖಿಕ ಸಾಕ್ಷ್ಯವೇ ಎಂದು 1872ರ ಸಾಕ್ಷ್ಯ ಅಧಿನಿಯಮ ಒಪ್ಪಿತ್ತು. ಅಂಥ ಹೇಳಿಕೆಗೆ ದುಭಾಷಿಯ ಅಥವಾ ವಿಶೇಷ ಶಿಕ್ಷಕರ ನೆರವನ್ನು ಪಡೆಯಬೇಕು, ಅದನ್ನು ವಿಡಿಯೋದಲ್ಲಿ ದಾಖಲಿಸಬೇಕು ಎಂಬ ನಿಯಮ ಬಂದುದು 2013ರಲ್ಲಿ. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಕಾನೂನೂ ಅದನ್ನು ಉಳಿಸಿಕೊಂಡಿದೆ. ಸಾಕ್ಷಿಗಳಷ್ಟೇ ಅಲ್ಲ, ವಕೀಲರೂ ಈ ಸೇತುವೆಯ ಮೇಲೆ ನಡೆದಿದ್ದಾರೆ: ಬೆಂಗಳೂರಿನ ಶ್ರವಣದೋಷವುಳ್ಳ ವಕೀಲೆ ಸಾರಾ ಸನ್ನಿಯವರು ದುಭಾಷಿಯ ನೆರವಿನಿಂದ 2023ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ಹಾಜರಾದರು, 2024ರಲ್ಲಿ ನಮ್ಮ ಉಚ್ಚ ನ್ಯಾಯಾಲಯದಲ್ಲಿ ವಾದವನ್ನೇ ಮಂಡಿಸಿದರು.

ದುಭಾಷಿಗಳನ್ನು ತರಬೇತುಗೊಳಿಸುವ ರಾಷ್ಟ್ರೀಯ ಕೇಂದ್ರವೊಂದು 2015ರಲ್ಲಿ ದೆಹಲಿಯಲ್ಲಿ ಆರಂಭವಾಯಿತು. ಆದರೂ ನಮ್ಮ ತಾಲ್ಲೂಕು ಕಚೇರಿ, ಪೊಲೀಸು ಠಾಣೆಗಳಲ್ಲಿ ದುಭಾಷಿ ಅಪರೂಪದ ಅತಿಥಿ. ಅವರನ್ನು ಕರೆಸುವುದು ದಯೆಯಲ್ಲ, ಕರ್ತವ್ಯವೆಂದು ನಾನು ಭಾವಿಸುತ್ತೇನೆ.

ಬಾನುಲಿಯ ಈ ಮಾತು ಕಿವುಡರನ್ನು ಮುಟ್ಟದು. ಮುಟ್ಟಬೇಕಾದುದು ಕೇಳಬಲ್ಲ ನಮ್ಮನ್ನೇ. ದುಭಾಷಿಯೊಡನೆ ಬಂದವರು ನಿಮ್ಮೆದುರು ಕುಳಿತಾಗ, ‘ಇವರಿಗೆ ಏನು ಬೇಕಂತೆ?’ ಎಂದು ದುಭಾಷಿಯನ್ನು ಕೇಳಬೇಡಿ. ‘ನಿಮಗೆ ಏನು ಬೇಕು?’ ಎಂದು ಅವರ ಮುಖವನ್ನೇ ನೋಡಿ ಕೇಳಿ.