ಎರಡನೆಯ ಮಳೆಗೆ ಮುನ್ನ

(ಮಲೆನಾಡಿನ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಚಂಡಮಾರುತವೆಂದೊಡನೆ ನಮ್ಮ ಮನಸ್ಸು ಕಡಲತೀರದತ್ತ ಹರಿಯುತ್ತದೆ. ಅಮೆರಿಕದ ಉತ್ತರ ಕೆರೊಲಿನಾ ರಾಜ್ಯದ ಪಶ್ಚಿಮಕ್ಕೆ, ಅಪಲೇಚಿಯನ್ ಪರ್ವತಶ್ರೇಣಿಯಲ್ಲಿ ಆಶ್ವಿಲ್ ಎಂಬ ನಗರವಿದೆ. ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರ. 2024ರ ಸೆಪ್ಟೆಂಬರ್ 26ರ ರಾತ್ರಿ ಹೆಲೀನ್ ಚಂಡಮಾರುತ ಫ್ಲಾರಿಡಾದ ತೀರವನ್ನು ಅಪ್ಪಳಿಸಿದ್ದು ಅಲ್ಲಿಂದ ಸುಮಾರು 600 ಕಿಲೋಮೀಟರ್ ದೂರದಲ್ಲಿ. ಮರುದಿನ ಬೆಳಿಗ್ಗೆ ಅದರ ಮಳೆ, ಗಾಳಿ ಎರಡೂ ಆ ಬೆಟ್ಟಗಳ ಮೇಲಿದ್ದವು. ಉತ್ತರ ಕೆರೊಲಿನಾ ಒಂದರಲ್ಲೇ ನೂರಕ್ಕೂ ಹೆಚ್ಚು ಜನ ಅಸುನೀಗಿದರು. ಆಶ್ವಿಲ್‌ನ ನಲ್ಲಿಗಳಲ್ಲಿ ಕುಡಿಯಲು ಯೋಗ್ಯವಾದ ನೀರು ಮತ್ತೆ ಬಂದದ್ದು ನವೆಂಬರ್ 18ರಂದು.

ಮುನ್ಸೂಚನೆ ಇರಲಿಲ್ಲವೆನ್ನುವಂತಿಲ್ಲ. ಅಲ್ಲಿನ ಹವಾಮಾನ ಇಲಾಖೆ 1916ರ ಮಹಾಪ್ರವಾಹವನ್ನು ನೆನಪಿಸಿ ಮುಂಚಿತವಾಗಿಯೇ ಎಚ್ಚರಿಸಿತ್ತು. ಆದರೆ 1916ನ್ನು ಕಂಡವರು ಯಾರು ಉಳಿದಿದ್ದಾರೆ?

ಆ ಪ್ರವಾಹದ ಚರಿತ್ರೆಯನ್ನು ಸ್ವಲ್ಪ ಬಿಡಿಸಿ ನೋಡಬೇಕು. 1916ರ ಜುಲೈ ತಿಂಗಳಲ್ಲಿ ಮೊದಲೊಂದು ಚಂಡಮಾರುತದ ಶೇಷ ಆ ಬೆಟ್ಟಗಳನ್ನು ನೆನೆಸಿತು. ವಾರ ಕಳೆಯುವಷ್ಟರಲ್ಲಿ ಇನ್ನೊಂದು ಬಂತು. ಆಲ್ಟಾಪಾಸ್ ಎಂಬಲ್ಲಿ ಇಪ್ಪತ್ತನಾಲ್ಕು ಗಂಟೆಗಳಲ್ಲಿ 22 ಇಂಚು ಮಳೆ ಸುರಿಯಿತು. 2004ರಲ್ಲಿಯೂ ಹಾಗೆಯೇ: ಸೆಪ್ಟೆಂಬರ್‌ನಲ್ಲಿ ಮೊದಲು ಫ್ರಾನ್ಸಿಸ್, ಬೆನ್ನಿಗೇ ಐವನ್. ಎರಡನೆಯದರ ಮಳೆಗೆ ಪೀಕ್ಸ್ ಕ್ರೀಕ್ ಎಂಬ ಹಳ್ಳದ ನೆತ್ತಿ ಕಳಚಿ ಐವರು ಸತ್ತರು. 2024ರಲ್ಲಿ ಎರಡರ ನಡುವಿನ ಅಂತರ ವಾರದಿಂದ ಗಂಟೆಗಳಿಗೆ ಇಳಿಯಿತು. ಚಂಡಮಾರುತ ಇನ್ನೂ ಕಡಲಲ್ಲಿರುವಾಗಲೇ ಅದು ಮುಂದೆ ತಳ್ಳಿದ ತೇವ ಬೆಟ್ಟದ ಮೇಲೆ ಮಳೆಯಾಗಿ ಇಳಿದಿತ್ತು. ಒಟ್ಟು ಲೆಕ್ಕದಲ್ಲಿ ಬ್ಯೂಸಿಕ್ ಎಂಬಲ್ಲಿ 30 ಇಂಚು ದಾಟಿತು. ಆಗುಂಬೆಯ ಕಡೆಯವರು ಇದನ್ನು ಕೇಳಿ ನಗಬಹುದು. ಆದರೆ ಆಶ್ವಿಲ್‌ಗೆ ಇಡೀ ವರ್ಷಕ್ಕೆ ಬೀಳುವುದೇ ಸುಮಾರು 50 ಇಂಚು. ಪ್ರತಿಯೊಂದು ಇಳಿಜಾರೂ ತನ್ನ ಊರಿನ ಮಳೆಗೆ ಹೊಂದಿಕೊಂಡು ನಿಂತಿರುತ್ತದೆ.

ಮೊದಲ ಮಳೆ ಮಾಡುವ ಕೆಲಸ ಕಣ್ಣಿಗೆ ಕಾಣುವುದಿಲ್ಲ. ಮಣ್ಣಿನ ಕಣಗಳ ನಡುವಿನ ಸಂದುಗಳಲ್ಲಿ ಗಾಳಿಯಿರುವವರೆಗೆ ಮಣ್ಣು ನೀರನ್ನು ಹೀರುತ್ತದೆ. ಅಲ್ಪ ತೇವ ಕಣಗಳನ್ನು ಬಿಗಿದು ಹಿಡಿಯುತ್ತದೆ ಕೂಡ. ಸಂದುಗಳೆಲ್ಲ ತುಂಬಿದ ಮೇಲೆ ಅದೇ ನೀರು ಕಣಗಳನ್ನು ಒಂದರಿಂದೊಂದು ದೂಡತೊಡಗುತ್ತದೆ. ಕೆಳಗಿನ ಬಂಡೆಗೂ ಮೇಲಿನ ಮಣ್ಣಿಗೂ ಇದ್ದ ಹಿಡಿತ ಸಡಿಲವಾಗುತ್ತದೆ. ನಮ್ಮಲ್ಲಿ ‘ಜಲ ಒಡೆಯಿತು’ ಎನ್ನುತ್ತೇವಲ್ಲ, ಅದು ಈ ಒತ್ತಡವೇ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜಾರಿದ್ದು ಜೂನ್, ಜುಲೈಗಳ ಮಳೆ ನೆಲವನ್ನು ತುಂಬಿಸಿದ ನಂತರವೇ.

ಪರಿಸರದ ಕೆಲಸ ಮಾಡುವ ನಮ್ಮವರಿಗೆ ರುಚಿಸದ ಮಾತೊಂದನ್ನು ಹೇಳಬೇಕಾಗಿದೆ. ‘ಕಾಡಿದ್ದರೆ ಗುಡ್ಡ ಜಾರದು’ ಎನ್ನುವುದು ಅರ್ಧಸತ್ಯ. ಹೆಲೀನ್ ಸಮಯದಲ್ಲಿ ಅಲ್ಲಿ ದಾಖಲಾದ ಎರಡು ಸಾವಿರಕ್ಕೂ ಹೆಚ್ಚು ಭೂಕುಸಿತಗಳಲ್ಲಿ ಅನೇಕವು ಆರಂಭವಾದದ್ದು ಮರಗಳಿದ್ದ ಇಳಿಜಾರಿನಲ್ಲಿ. ಬೇರು ತಲುಪುವ ಆಳದವರೆಗೆ ಮಾತ್ರ ಬೇರಿನ ಹಿಡಿತ. ಕಾಡನ್ನು ಉಳಿಸಲೇಬೇಕು, ಧರೆ ಕಡಿಯುವುದನ್ನು ತಡೆಯಲೇಬೇಕು. ಆದರೆ ಮೇಲೆ ಕಾಡಿದೆಯೆಂಬ ಧೈರ್ಯದಿಂದ ಹಳ್ಳದ ಬಾಯಲ್ಲಿ ಮಲಗಬಾರದು.

ಹಳ್ಳದ ಬಾಯಿ ಎಂದೆ. ಬೆಟ್ಟದ ಸೀಮೆಯಲ್ಲಿ ಮನೆ ಕಟ್ಟಲು ಸಮತಟ್ಟು ಜಾಗ ಸಿಗುವುದೇ ಅಲ್ಲಿ. ಬಹಳ ಕಡೆ ಆ ಸಮತಟ್ಟು ಹಿಂದೆಂದೋ ಜಾರಿಬಂದ ಮಣ್ಣು ಕಲ್ಲುಗಳೇ ಹರಡಿ ಆದದ್ದು. ಬಾವಿ ತೋಡುವಾಗ ದೊಡ್ಡ ದೊಡ್ಡ ಕಲ್ಲುಗುಂಡುಗಳು ಮಣ್ಣಿನೊಡನೆ ಕಲಸಿಕೊಂಡು ಬಂದರೆ ಅನುಮಾನಿಸಬೇಕು. ಉತ್ತರ ಕೆರೊಲಿನಾದಲ್ಲಿ ಇಂಥ ಜಾಗಗಳನ್ನು ಗುರುತಿಸುವ ನಕಾಶೆಯ ಕೆಲಸವನ್ನು 2005ರಲ್ಲಿ ಕಾನೂನು ಮಾಡಿ ಆರಂಭಿಸಿದರು, 2011ರಲ್ಲಿ ನಿಲ್ಲಿಸಿದರು, 2018ರಲ್ಲಿ ಮತ್ತೆ ಕೈಗೆತ್ತಿಕೊಂಡರು. ಆ ಏಳು ವರ್ಷಗಳನ್ನು ಬೆಟ್ಟ ಲೆಕ್ಕಕ್ಕೆ ಹಿಡಿಯಲಿಲ್ಲ.

ನಮ್ಮಲ್ಲಿ ಕಾಫಿ ತೋಟಗಳ ಮಳೆಪುಸ್ತಕಗಳಿವೆ. ದಿನದ ಮಳೆಯನ್ನಷ್ಟೇ ಬರೆದು ಮುಚ್ಚಿಡದೆ, ಹಿಂದಿನ ಹತ್ತು ದಿನಗಳ ಮೊತ್ತವನ್ನೂ ಪಕ್ಕದಲ್ಲಿ ಬರೆಯಿರಿ. ಆ ಮೊತ್ತ ಏರಿರುವಾಗ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತದ ಸುದ್ದಿ ಬಂದರೆ ಹಳ್ಳದ ಬಾಯಿಯ ಮನೆಗಳವರು ಬೆಳಕಿರುವಾಗಲೇ ದಿಬ್ಬದ ಮನೆಗಳಿಗೆ ಹೋಗಲಿ. ದೂರವಾಣಿಯನ್ನು ನಂಬಿ ಕೂರುವುದು ಬೇಡ. ಅಮೆರಿಕದಂಥ ದೇಶದಲ್ಲೇ ಆ ದಿನ ಬೆಟ್ಟದ ಊರುಗಳಲ್ಲಿ ಮೊಬೈಲ್ ಸತ್ತುಹೋಗಿತ್ತು. ಯಾವ ಮನೆಯವರು ಯಾವ ಮನೆಗೆ, ಯಾವ ಹಾದಿಯಿಂದ, ನಡೆಯಲಾರದವರನ್ನು ಹೊತ್ತು ತರುವವರು ಯಾರು ಎಂಬುದನ್ನು ಆರಿದ್ರಾ ಮಳೆ ಹಿಡಿಯುವ ಮುನ್ನವೇ ಗೊತ್ತುಮಾಡಿಕೊಳ್ಳಿ. ವಿದ್ಯಾರ್ಥಿಗಳು ಊರಿನ ಹಿರಿಯರನ್ನು ಕರೆದುಕೊಂಡು ಒಂದೊಂದು ಹಳ್ಳವನ್ನೂ ನೆತ್ತಿಯವರೆಗೆ ಹತ್ತಿ, ಹಳೆಯ ಜಾರುಗಳನ್ನು ಗುರುತು ಹಾಕಿ ತನ್ನಿ.