ಮನೆತನದ ಕಾಯಿಲೆ ಮನೆತನದ ಕಳಂಕವಲ್ಲ

(ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸ)

 

ಹೆಣ್ಣು ನೋಡಲು ಬಂದವರು "ನಿಮ್ಮ ಮನೆತನದಲ್ಲಿ ಯಾರಿಗಾದರೂ ದೊಡ್ಡ ಕಾಯಿಲೆ ಇತ್ತೇ?" ಎಂದು ಕೇಳುವುದುಂಟು. ಆ ಪ್ರಶ್ನೆಗೆ ಹೆದರಿ, ಸೋದರತ್ತೆ ಸ್ತನ ಕ್ಯಾನ್ಸರಿನಿಂದ ಲಿಂಗೈಕ್ಯರಾದದ್ದನ್ನು ಮುಚ್ಚಿಡುತ್ತೇವೆ. ಬೀಗರಿಂದ ಮುಚ್ಚಿಟ್ಟ ಸಂಗತಿ ಮನೆಮಗಳಿಗೂ ತಿಳಿಯದೆ ಹೋಗುತ್ತದೆ. ಮುಂದೆ ಅವಳ ಎದೆಯಲ್ಲಿ ಗಂಟು ಕಂಡಾಗ, "ಮನೆಯಲ್ಲಿ ಯಾರಿಗಾದರೂ ಇತ್ತೇನಮ್ಮಾ?" ಎಂದು ವೈದ್ಯರು ಕೇಳಿದರೆ ಅವಳ ಬಳಿ ಉತ್ತರವಿರುವುದಿಲ್ಲ.

ಬಸವಾದಿ ಶರಣರು ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದೂ ಸೂತಕಗಳನ್ನು ಅಲ್ಲಗಳೆದರು. ಅವರ ದಾರಿಯಲ್ಲಿ ನಡೆಯುವ ನಾವು ಕ್ಯಾನ್ಸರನ್ನು ಆರನೆಯ ಸೂತಕ ಮಾಡಿಕೊಂಡಿದ್ದೇವೆ. ಅದು ಪೂರ್ವಜನ್ಮದ ಕರ್ಮವೂ ಅಲ್ಲ, ಮನೆತನದ ಶಾಪವೂ ಅಲ್ಲ.

ಕ್ಯಾನ್ಸರುಗಳಲ್ಲಿ ವಂಶದಿಂದ ಬರುವವು ನೂರಕ್ಕೆ 5ರಿಂದ 10 ಮಾತ್ರ. 1990ರ ದಶಕದಲ್ಲಿ ಗುರುತಿಸಲಾದ ಬಿಆರ್‌ಸಿಎ 1 ಮತ್ತು 2 ಎಂಬ ಜೀನುಗಳಲ್ಲಿ ದೋಷವಿದ್ದರೆ ಸ್ತನ ಹಾಗೂ ಅಂಡಾಶಯದ ಕ್ಯಾನ್ಸರಿನ ಅಪಾಯ ಬಹಳ ಹೆಚ್ಚುತ್ತದೆ. ತಂದೆ ಅಥವಾ ತಾಯಿಯಲ್ಲಿ ಆ ದೋಷವಿದ್ದರೆ ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಅರ್ಧದಷ್ಟು; ಮಗನಾದರೂ ಅಷ್ಟೇ, ಮಗಳಾದರೂ ಅಷ್ಟೇ. ಆದ್ದರಿಂದ "ಅವಳ ತಾಯಿಯ ಕಡೆಯಿಂದ ಬಂದದ್ದು" ಎಂದು ಸೊಸೆಯನ್ನು ದೂರುವುದು ಅನ್ಯಾಯ ಮಾತ್ರವಲ್ಲ, ಅಜ್ಞಾನವೂ ಹೌದು. ದೋಷ ಬಂದವರೆಲ್ಲರಿಗೂ ಕ್ಯಾನ್ಸರ್ ಬಂದೇ ಬರುತ್ತದೆ ಎಂದೂ ಇಲ್ಲ. ಮೊದಲೇ ತಿಳಿದರೆ ತಪಾಸಣೆಯನ್ನು ಚಿಕ್ಕ ವಯಸ್ಸಿನಲ್ಲಿಯೇ ಆರಂಭಿಸಬಹುದು.

ಇನ್ನೊಂದು ಭಯ ತಪಾಸಣೆಯ ವರದಿಯದು. 2016ರಿಂದ ಸರ್ಕಾರದ ಕಾರ್ಯಕ್ರಮದಲ್ಲಿ 30 ವರ್ಷ ದಾಟಿದವರಿಗೆ ಬಾಯಿ, ಸ್ತನ, ಗರ್ಭಕೊರಳಿನ ತಪಾಸಣೆ ಸೇರಿದೆ. ಅಲ್ಲಿ "ಸ್ವಲ್ಪ ವ್ಯತ್ಯಾಸವಿದೆ, ದೊಡ್ಡಾಸ್ಪತ್ರೆಗೆ ಹೋಗಿ" ಎಂದ ಕೂಡಲೇ ಎಷ್ಟೋ ತಾಯಂದಿರು ಊಟ ಬಿಡುತ್ತಾರೆ, ಮುಂದಿನ ಪರೀಕ್ಷೆಗೆ ಹೋಗುವುದನ್ನೂ ಬಿಡುತ್ತಾರೆ. ವ್ಯತ್ಯಾಸವೆಂದರೆ ಕ್ಯಾನ್ಸರ್ ಎಂದಲ್ಲ. ಇನ್ನೊಮ್ಮೆ ನೋಡಬೇಕು ಎಂದಷ್ಟೇ. ಮ್ಯಾಮೊಗ್ರಾಂ ನಂತರ ಮರುಪರೀಕ್ಷೆಗೆ ಕರೆಸಿಕೊಂಡವರಲ್ಲಿ ಬಹುಪಾಲು ಜನರಿಗೆ ಕ್ಯಾನ್ಸರ್ ಇರುವುದಿಲ್ಲ. ಗರ್ಭಕೊರಳಿನ ಕ್ಯಾನ್ಸರಿಗೆ ಮುಖ್ಯ ಕಾರಣ ಎಚ್‌ಪಿವಿ ಎಂಬ ವೈರಸ್. ಅಲ್ಲಿನ ಬದಲಾವಣೆ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹಲವು ವರ್ಷ ಹಿಡಿಯುತ್ತದೆ. ಅದಕ್ಕೆ ಮೊದಲೇ ಕಂಡರೆ ಸಣ್ಣ ಚಿಕಿತ್ಸೆಯಲ್ಲಿಯೇ ತೆಗೆಯಬಹುದು. ವರದಿಯನ್ನು ದೇವರ ಜಗುಲಿಯ ಮೇಲಿಟ್ಟು ಕೈಮುಗಿದರೆ ಸಾಲದು, ಕೈಯಲ್ಲಿ ಹಿಡಿದು ಆಸ್ಪತ್ರೆಗೆ ಹೋಗಬೇಕು.

ಇಷ್ಟಲಿಂಗವನ್ನು ಧರಿಸಿದ ಕಾಯವನ್ನು ಕಾಪಾಡಿಕೊಳ್ಳುವುದೂ ಪೂಜೆಯ ಭಾಗವೇ. ತಾವೆಲ್ಲರೂ ಮನೆಗೆ ಹೋಗಿ ಹಿರಿಯರ ಜೊತೆ ಕುಳಿತು, ತಂದೆ ಮತ್ತು ತಾಯಿಯ ಎರಡೂ ಕಡೆ ಮೂರು ತಲೆಮಾರಿನಲ್ಲಿ ಯಾರಿಗೆ, ಯಾವ ಅಂಗದ ಕ್ಯಾನ್ಸರ್, ಯಾವ ವಯಸ್ಸಿನಲ್ಲಿ ಬಂದಿತ್ತು ಎಂದು ಬರೆದಿಡಿ. ಐವತ್ತರ ಒಳಗೆ ಬಂದದ್ದಿದ್ದರೆ, ಒಂದೇ ಕಡೆ ಇಬ್ಬರು ಮೂವರಿಗೆ ಬಂದಿದ್ದರೆ, ಆ ಹಾಳೆಯನ್ನು ವೈದ್ಯರಿಗೆ ತೋರಿಸಿ. ಜೀನ್ ಪರೀಕ್ಷೆ ಬೇಕೋ ಬೇಡವೋ ಅವರು ಹೇಳುತ್ತಾರೆ. ಸಾಧ್ಯವಿದ್ದರೆ ಕಾಯಿಲೆ ಬಂದವರಿಗೇ ಮೊದಲು ಆ ಪರೀಕ್ಷೆ ಮಾಡುತ್ತಾರೆ.

ಅಕ್ಕನ ಬಳಗದ ತಾಯಂದಿರಲ್ಲಿ ಒಂದು ಬಿನ್ನಹ. ಮರುಪರೀಕ್ಷೆಗೆ ಹೋಗಲು ಹೆದರುವ ಸಹೋದರಿಯ ಜೊತೆ ಒಬ್ಬರು ಬಸ್ಸು ಹತ್ತಿ ಹೋಗಿ ಬನ್ನಿ. ಅದೂ ದಾಸೋಹವೇ. ಮಠಕ್ಕೆ ಸಂಬಂಧ ಕುದುರಿಸಲು ಬರುವ ಬಂಧುಗಳಲ್ಲಿಯೂ ಒಂದು ಬಿನ್ನಹ. ಕಾಯಿಲೆಯ ಸಂಗತಿಯನ್ನು ಮುಚ್ಚದೆ ಹೇಳಿದ ಮನೆಯ ಹೆಣ್ಣನ್ನು ಬೇಡವೆನ್ನಬೇಡಿ. ಆ ಮನೆಯವರು ನಿಮಗೆ ಸತ್ಯ ಹೇಳಿದ್ದಾರೆ.